ಆಂಜಿನೇಯನ ಉಣ್ಣೆ ಗಂಟುಗಳು

ಆಂಧ್ರ ಗಡಿಯ ಕೋಸಗಿಯಲ್ಲಿ ಇಂಟರ್ನೆಟ್ ಬೇಕೆಂದರೆ ಕೊಟ್ರೇಶನ ಆಫೀಸಿಗೆ ಹೋಗಬೇಕು. ಕೆಟ್ಟರೆ ಅವನ ಆಳು ಆಂಜಿನೇಯನ ಮನೆಗೆ. ಇನ್ನೂರ ಹತ್ತು ಮನೆಗಳಿಗೆ ಕಂಬದಿಂದ ಕಂಬಕ್ಕೆ ಫೈಬರ್ ವೈರು ಎಳೆದವನು ಅವನೇ. ಓದು ಬರಹ ತಲೆಗೆ ಹತ್ತಲಿಲ್ಲ, ಆದರೆ ಕುರಿ ಕಾಯ್ದ ಮನೆತನ. ಯಾವ ಕುರಿ ಯಾರದೆಂದು ಗುರುತು ಮಾಡುವಂತೆ ಪ್ರತಿ ವೈರಿಗೂ ಬಣ್ಣದ ಉಣ್ಣೆ ನೂಲು ಕಟ್ಟಿದ್ದ. ಕೆಂಪು ನೂಲು ಮೂರು ಗಂಟು, ಹತ್ತಿ ಸಾಹುಕಾರ ಹಾಲಸ್ವಾಮಿಯವರದು. ಬಿಳಿ ಒಂದು ಗಂಟು, ಹೂವಮ್ಮನದು. ಆ ಗಂಟುಗಳು ಅವನೊಬ್ಬನಿಗೇ ಗೊತ್ತಿದ್ದವು. ಅವನ ಕೆಲಸ ಉಳಿದದ್ದೇ ಅದರಿಂದ.

ಆಷಾಢದ ಗಾಳಿಯಲ್ಲಿ ಕಂಬದಿಂದ ಬಿದ್ದು ಕಾಲು ಮುರಿದುಕೊಂಡ. ಎತ್ತಲು ಬಂದವರಲ್ಲಿ ಇಬ್ಬರು ಮೊದಲು ಕೇಳಿದ್ದು, ನೆಟ್ ಯಾವಾಗ ಬರುತ್ತದೆ ಎಂದು. ಥೂ, ಜನವೇ ಇಷ್ಟು.

ಮೂರನೆಯ ದಿನ ಕೊಟ್ರೇಶ ಮೋಸಂಬಿ ಹಿಡಿದು ಬಂದ. ಒಂಬತ್ತು ವರ್ಷ “ಏ ಆಂಜಿ” ಎಂದು ಕೂಗಿದವನ ಬಾಯಲ್ಲಿ ಅಂದು ‘ಅಣ್ಣ’ ಹುಟ್ಟಿದ್ದ.

“ಆಂಜಿನೇಯಣ್ಣ, ಮನಿಮನಿಗೂ ಹೊಸ ಸ್ಪೀಡ್ ಬಾಕ್ಸ್ ಹಾಕಬೇಕು. ಯಾವ ಗಂಟು ಯಾರದು ಹೇಳು, ಬರಕೋತೀನಿ. ಪರವಾಲೇದು, ನಿನ್ನ ಕೆಲಸ ಎಲ್ಲಿ ಹೋಗ್ತೈತಿ?”

ಹೆಂಡತಿ ಮಲ್ಲೇಶ್ವರಿ ನೀರು ಕೊಡುವ ನೆಪದಲ್ಲಿ ಬಗ್ಗಿ, “ಬಾಯಿ ಬಿಡಬ್ಯಾಡ್ರಿ” ಎಂದು ಪಿಸುಗುಟ್ಟಿದಳು.

“ಇನ್ನೂರ ಹತ್ತೂ ನೆನಪದಾವೇನು? ನಂಬಾಕ ಆಗವಲ್ದು” ಎಂದ ಕೊಟ್ರೇಶ.

ಅಷ್ಟು ಸಾಕಾಯಿತು. ಹೊಗಳಿಕೆ ಕಾಣದ ಜೀವ ಉಬ್ಬಿಹೋಯಿತು. ಕಣ್ಣು ಮುಚ್ಚಿಕೊಂಡು, ಸ್ಟೇಷನ್ ಕಂಬದಿಂದ ಹಿಡಿದು ಊರ ಕೊನೆಯವರೆಗೆ ಒಂದೂ ತಪ್ಪದೆ ಹೇಳಿದ. ಆಳೆಂದು ತನಗೆ ಬಿಟ್ಟಿಯಾಗಿ ಸಿಕ್ಕಿದ್ದ ತನ್ನ ಮನೆಯ ವೈರನ್ನು ಮಾತ್ರ ಗಿರಾಕಿಗಳ ಜೊತೆ ಸೇರಿಸಲಿಲ್ಲ.

ದಸರೆಯ ಹೊತ್ತಿಗೆ ಕೋಲೂರಿಕೊಂಡು ಆಫೀಸಿಗೆ ಹೋದ. ಆದೋನಿಯಿಂದ ಬಂದ ಸುಂಕೇಶನೆಂಬ ಹೊಸಬ ವೈರುಗಳಿಗೆ ಅಂಟಿಸಲು ಗಿರಾಕಿಗಳ ಹೆಸರಿನ ಸ್ಟಿಕ್ಕರುಗಳನ್ನು ಜೋಡಿಸುತ್ತಿದ್ದ.

“ಆ ಕಾಲಿಟ್ಕೊಂಡು ಕಂಬ ಹತ್ತೀಯೇನಲೇ ಆಂಜಿ?” ಎಂದ ಕೊಟ್ರೇಶ. ‘ಅಣ್ಣ’ ಸತ್ತಿದ್ದ.

ಮರುದಿನ ಬೆಳಿಗ್ಗೆ ಆಂಜಿನೇಯ ಕಟ್ಟೆಯ ಮೇಲೆ ಕೂತಿದ್ದಾಗ ಸುಂಕೇಶ ಎದುರಿನ ಕಂಬ ಹತ್ತಿದ. ಒಳಗೆ ಮಗಳು ರಾಣಿ ಫೋನಿನಲ್ಲಿ ಪರೀಕ್ಷೆಯ ಪಾಠ ಕೇಳುತ್ತಿದ್ದಳು.

“ಅಣ್ಣಾ, ಕರಿ ನೂಲು, ಎರಡು ಗಂಟು. ಯಾರದಿದು? ಪಟ್ಟಿಯಾಗ ಇಲ್ಲದ್ದು ಕತ್ತರಿಸು ಅಂದಾರ ಧಣಿ.”

ಹಾಲಸ್ವಾಮಿಯವರ ಇನ್ನೊಂದು ವೈರು ಎಂದಿದ್ದರೆ ಸುಂಕೇಶ ಮುಟ್ಟುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಒಬ್ಬರ ಕುರಿಯ ಗುರುತನ್ನು ಇನ್ನೊಬ್ಬರದೆಂದು ಹೇಳಿದವನನ್ನು ಅವನ ಅಪ್ಪ ಹಟ್ಟಿಯೊಳಗೆ ಬಿಟ್ಟುಕೊಂಡಿರಲಿಲ್ಲ.

“ನಮ್ಮದು” ಎಂದ.

ಸುಂಕೇಶ ಒಂದು ಗಳಿಗೆ ಕೆಳಗೆ ನೋಡಿದ, ಆಮೇಲೆ ಕತ್ತರಿಸಿದ.

ಒಳಗಿನಿಂದ ರಾಣಿ ಕೂಗಿದಳು: “ಅಪ್ಪಾ, ನೆಟ್ ಹೋತು. ಸ್ವಲ್ಪ ಸರಿ ಮಾಡಪ್ಪಾ.”