ಮುದ್ದೆ ಅಗಿಯುವವನ ಹಲ್ಲು

ಹೊಂಗನೂರಿನ ಕಡೆ ನನಗೊಂದು ಹೆಸರಿದೆ. ಅಪ್ಪ ಅಮ್ಮ ಇಟ್ಟದ್ದಲ್ಲ, ರೇಷ್ಮೆ ಇಲಾಖೆ ಕೊಟ್ಟದ್ದೂ ಅಲ್ಲ. 'ಮುದ್ದೆ ಅಗಿಯೋ ಸಾಹೇಬ್ರು' ಎಂಬುದು ಆ ಹೆಸರು. ತಿನ್ನುವ ವಸ್ತುವನ್ನು ಅಗಿಯದೆ ಇನ್ನೇನು ಮಾಡುತ್ತಾರೆ ಎಂದು ನೀವು ಕೇಳಿದರೆ ನೀವೂ ನನ್ನ ಪಕ್ಷದವರೇ. ಬನ್ನಿ, ಹತ್ತಿರ ಕೂತುಕೊಳ್ಳಿ. ಚನ್ನಪಟ್ಟಣದ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವಂತಿಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ನುಂಗಬೇಕು. ಬಾಯಲ್ಲಿ ಹಾದುಹೋದದ್ದು ಹಲ್ಲಿಗೆ ಗೊತ್ತೇ ಆಗಬಾರದು.

ನಾನು ಗದಗಿನ ಕಡೆಯವನು. ಕಟಕ ರೊಟ್ಟಿ ತಿಂದು ಬೆಳೆದವನು. ನಮ್ಮಲ್ಲಿ ರೊಟ್ಟಿ ಮುರಿಯುವ ಸದ್ದು ಪಕ್ಕದ ಮನೆಗೆ ಕೇಳಿಸದಿದ್ದರೆ ಊಟ ಮಾಡಿದ ಹಾಗಲ್ಲ. ಅಂಥ ಹಲ್ಲುಗಳನ್ನು ಹೊತ್ತುಕೊಂಡು ನೌಕರಿಗೆಂದು ಈ ಕಡೆ ಬಂದೆ. ರೈತರ ಹುಳುಮನೆಗಳಿಗೆ ಹೋಗಿ, ತಟ್ಟೆಯಲ್ಲಿ ಸೊಪ್ಪು ಮೇಯುತ್ತಿರುವ ರೇಷ್ಮೆ ಹುಳ ನೋಡಿ, ರೋಗ ಬಿದ್ದಿದೆಯೇ, ಗಾಳಿ ಸಾಲದೇ ಎಂದು ಹೇಳುವುದು ನನ್ನ ಕೆಲಸ. ಹಾಗೆ ಒಂದು ಮಧ್ಯಾಹ್ನ ಹೊಂಗನೂರಿನ ಲಿಂಗೇಗೌಡರ ಮನೆಯಲ್ಲಿ ಊಟಕ್ಕೆ ಕೂತೆ. ಅವರ ಹೆಂಡತಿ ಚಿಕ್ಕತಾಯಮ್ಮ ಬಡಿಸಿದ ಮುದ್ದೆಯನ್ನು ಬಹಳ ಶ್ರದ್ಧೆಯಿಂದ ಅಗಿದೆ. ಅದು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ಅಂಟು ಹಾಕಿ, ಬಾಯಿಯನ್ನೇ ಮುಚ್ಚಿಬಿಟ್ಟಿತು. ಚಿಕ್ಕತಾಯಮ್ಮ ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನೋಡಿದರು. ಆಮೇಲೆ ಬಾಗಿಲಿಗೆ ಓಡಿ ಬೀದಿಗೇ ಕೂಗಿದರು: "ಬನ್ರವ್ವೋ, ಇಲ್ನೋಡ್ಬನ್ನಿ, ಸಾಹೇಬ್ರು ಮುದ್ದೆ ಅಗೀತಾವ್ರೆ!"

ಅಕ್ಕಪಕ್ಕದವರೆಲ್ಲ ಬಂದು ನಿಂತು ನೋಡಿದರು. ಬಿದ್ದುಬಿದ್ದು ನಕ್ಕರು. ನಗಲು ನನಗೆ ಬಾಯಿ ತೆರೆಯುತ್ತಿರಲಿಲ್ಲ. ಅವರದ್ದು ಪ್ರೀತಿಯ ನಗೆ ಎಂದು ಇವತ್ತು ಗೊತ್ತು. ಅವತ್ತು ಮಾತ್ರ ನನಗೆ ನಿಜವಾಗಿಯೂ ಅವಮಾನವಾಯಿತು. ಮುಂದೆ ಇಪ್ಪತ್ತು ವರ್ಷ ಆ ಮನೆಗೆ ಹೋಗಿ ಬಂದು ಮಾಡಿದರೂ ಕಾಫಿಗಿಂತ ಮುಂದಕ್ಕೆ ಹೋಗಲಿಲ್ಲ.

ಮದುವೆ ಆಗಲಿಲ್ಲ. ಅದಕ್ಕೆ ಹೇಳುವಂಥ ಕಥೆಯೇನೂ ಇಲ್ಲ. ನೋಡೋಣ, ನೋಡೋಣ ಎನ್ನುವಷ್ಟರಲ್ಲಿ ಹೆಣ್ಣು ನೋಡಬೇಕಾಗಿದ್ದ ಹಿರಿಯರೇ ತೀರಿಕೊಂಡರು. ನಿವೃತ್ತನಾದ ಮೇಲೂ ಚನ್ನಪಟ್ಟಣದ ಬಾಡಿಗೆ ಮನೆಯಲ್ಲೇ ಉಳಿದೆ. ವಾಪಸು ಬಾ ಎನ್ನುವವರು ಗದಗಿನಲ್ಲಿ ಇರಲಿಲ್ಲ, ಹೋಗಬೇಡ ಎನ್ನುವವರು ಇಲ್ಲೂ ಇರಲಿಲ್ಲ. ಹೀಗಿರುವಾಗ ಇದ್ದಲ್ಲೇ ಇರುವುದು ಸುಲಭ.

ಆಗ ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದು, ಅವುಗಳ ಲಾರಿ ಬಸ್ಸುಗಳಿಗೆ ಹಳೇ ರಸ್ತೆ ಸಾಲದಾಗಿ, ಎರಡೂ ಬದಿಯ ಸಾಲುಮರಗಳನ್ನು ಬೇರುಸಹಿತ ಕೀಳುವ ಕೆಲಸ ನಡೆದಿತ್ತು. ಸರಿಯಾಗಿ ಅದೇ ಕಾಲಕ್ಕೆ ನನ್ನ ಹಲ್ಲುಗಳೂ ಒಂದೊಂದಾಗಿ ಅಲ್ಲಾಡತೊಡಗಿದವು. ರಾಮನಗರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಬ್ಬ ಡಾಕ್ಟರಮ್ಮ ಹೊಸದಾಗಿ ಹಲ್ಲಿನ ಆಸ್ಪತ್ರೆ ತೆರೆದಿದ್ದರು. ವಯಸ್ಸು ಚಿಕ್ಕದು, ಕೈ ಗಟ್ಟಿ. ನನ್ನ ಬಾಯೊಳಗೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, "ಅಂಕಲ್, ಒಸಡು ಪೂರ್ತಿ ಹೋಗಿದೆ. ಎಲ್ಲಾ ತೆಗೆದುಬಿಡೋಣ" ಎಂದರು. ಆಮೇಲೆ ಕೆಲವು ತಿಂಗಳು ತೆಗೆದು ಹಾಕುವ ಕಟ್ಟುಹಲ್ಲಿನ ಸೆಟ್ಟು ಹಾಕಿಕೊಳ್ಳುವುದು. ಒಳಗಿನ ಎಲುಬು ಗಟ್ಟಿಯಾದ ಮೇಲೆ ಅದಕ್ಕೇ ಸ್ಕ್ರೂ ಕೂರಿಸುವುದು. ಎಲುಬು ಆ ಸ್ಕ್ರೂವನ್ನು ಹಿಡಿದುಕೊಂಡ ಮೇಲೆ ಅದರ ಮೇಲೆ ಕಾಯಂ ಹಲ್ಲು. ಇದಕ್ಕೆ ಇಂಪ್ಲಾಂಟ್ ಎಂದು ಹೆಸರು. ರಸ್ತೆಯವರೂ ಮರ ಕಿತ್ತ ಜಾಗದಲ್ಲಿ ಕಬ್ಬಿಣದ ಕಂಬ ನೆಡುತ್ತಿದ್ದರು. ಕಾಲಧರ್ಮ ಎಂದುಕೊಂಡು ಒಪ್ಪಿದೆ.

"ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದರು.

"ಹೊರಗಿದ್ದಾರೆ" ಎಂದೆ. ಸುಳ್ಳಲ್ಲ. ಹೊರಗೆ ಬೆಂಚಿನ ತುಂಬ ಜನ ಇದ್ದೇ ಇದ್ದರು. ನನ್ನವರಲ್ಲ, ಅಷ್ಟೇ.

ಹಲ್ಲು ಕೀಳಿಸಿಕೊಳ್ಳುವುದರಲ್ಲಿ ನೋವಿಗಿಂತ ದೊಡ್ಡ ಕಷ್ಟವೆಂದರೆ ಆಮೇಲೆ ಬಸ್ಸಿನಲ್ಲಿ ಮನೆಗೆ ಬರುವುದು. ಬಾಯಿ ತುಂಬ ಹತ್ತಿ, ಕೆನ್ನೆ ಮರಗಟ್ಟಿದೆ. ಕಂಡಕ್ಟರು "ಎಲ್ಲಿಗೆ?" ಎಂದ. ನಾನು ಮುಂದಕ್ಕೆ ಕೈ ತೋರಿಸಿದೆ. "ಮುಂದಕ್ಕೆ ಮೈಸೂರೂ ಐತೆ, ಮಡಿಕೇರೀನೂ ಐತೆ, ಎಲ್ಲಿಗೆ ಯಜಮಾನ್ರೆ?" ಎಂದ. ಅಕ್ಕಪಕ್ಕದವರು ಮಂಡ್ಯ ಇರಬೇಕು, ಮದ್ದೂರು ಇರಬೇಕು ಎಂದು ಊಹಿಸತೊಡಗಿದರು. ನಾನು ಕೈಯಲ್ಲಿ ಬುಗುರಿ ತಿರುಗಿಸಿ ತೋರಿಸಿದೆ. "ಓ, ಚನ್ನಪಟ್ನ!" ಎಂದು ಬಸ್ಸಿಗೆ ಬಸ್ಸೇ ಕೂಗಿತು. ಬೊಂಬೆ ಮಾಡುವ ಊರಲ್ಲಿ ಇರುವುದರ ಲಾಭ ನನಗೆ ಅವತ್ತು ತಿಳಿಯಿತು. ಟಿಕೆಟ್ಟು ಹರಿದುಕೊಟ್ಟ ಮೇಲೆ ಎಲ್ಲರೂ ತಂತಮ್ಮ ಕಿಟಕಿಗಳ ಕಡೆ ತಿರುಗಿಕೊಂಡರು. ಆಸ್ಪತ್ರೆ ಬಿಟ್ಟ ಮೇಲೆ ಆ ದಿನ ನನ್ನೊಡನೆ ಮಾತಾಡಿದವರು ಅವರಷ್ಟೇ.

ಸೆಟ್ಟು ಬಂತು. ಹಲ್ಲಿಗೆ ಸಂಸ್ಕೃತದಲ್ಲಿ ದ್ವಿಜ ಎನ್ನುತ್ತಾರೆ, ಎರಡು ಸಲ ಹುಟ್ಟುವುದರಿಂದ. ಮೂರನೆಯ ಸಲ ಹುಟ್ಟಿದ್ದಕ್ಕೆ ಏನೆನ್ನಬೇಕೆಂದು ಯಾವ ಕೋಶಕಾರನೂ ಯೋಚಿಸಿದಂತಿಲ್ಲ. ಯೋಚಿಸಿದ್ದರೆ ಒಳ್ಳೆಯ ಹೆಸರನ್ನಂತೂ ಇಡುತ್ತಿರಲಿಲ್ಲ. ನಾನು ಮಾತು ಶುರುಮಾಡಿದರೆ ಸೆಟ್ಟು ನನಗಿಂತ ಒಂದು ಅಕ್ಷರ ಮುಂದೆ ಹೋಗುತ್ತಿತ್ತು. ಕೆಮ್ಮಿದರೆ ಹೊರಗೆ ಬಂದು ಇಣುಕುತ್ತಿತ್ತು. ಮೆಸ್ಸಿನಲ್ಲಿ ಒಂದು ದಿನ ಎಲ್ಲರೆದುರಿಗೆ ಅನ್ನದೊಳಕ್ಕೆ ಇಳಿದುಬಿಟ್ಟಿತು. ಎದುರಿಗೆ ಕೂತಿದ್ದ ಕಾರ್ಖಾನೆ ಹುಡುಗರು ಸಭ್ಯರು, ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಮೆಸ್ಸಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಗಂಜಿ ಕಾಯಿಸಿಕೊಳ್ಳತೊಡಗಿದೆ. ದಾರಿಯಲ್ಲಿ ಸಿಕ್ಕವರಂತೂ ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಹೇಳದೆ ನನ್ನನ್ನು ಬಿಡುತ್ತಿರಲಿಲ್ಲ. ನನ್ನ ಹತ್ತಿರ ಕಡಲೆಯೂ ಇರಲಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳಲಿ?

ಮಲಗುವಾಗ ಸೆಟ್ಟನ್ನು ಒಂದು ಗಾಜಿನ ಬಟ್ಟಲಿನ ನೀರಿನಲ್ಲಿ ಇಡಬೇಕು. ಬೆಳಗ್ಗೆ ಎದ್ದು ನೋಡಿದರೆ ಅದು ಬಟ್ಟಲಿನಲ್ಲಿ ಕೂತು ನಗುತ್ತಿರುತ್ತಿತ್ತು. ಆ ಮನೆಯಲ್ಲಿ ನಗುತ್ತಿದ್ದದ್ದು ಅದೊಂದೇ. ನಾನು ಒಂಟಿ ಎಂಬುದು ನನಗೆ ಹೊಸ ವಿಷಯವಲ್ಲ. ಆದರೆ ಹಲ್ಲು ಹೋದ ಮೇಲೆ ಅದು ರುಚಿಯ ಹಾಗೆ ನಾಲಿಗೆಗೆ ಹತ್ತತೊಡಗಿತು.

ಹೀಗಿರುವಾಗ ಒಂದು ಸಂತೆಯ ದಿನ ಲಿಂಗೇಗೌಡರು ಬಾಗಿಲು ತಟ್ಟಿದರು. "ಏನ್ ಸಾ, ಕಾಣಂಗೇ ಇಲ್ವಲ್ಲ? ಊರ್ ಕಡೆ ಬಂದು ಯಾವ್ ಕಾಲಾಯ್ತು!" ಎಂದರು. ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡು, ರಾಮನಗರದ ಬಟ್ಟೆ ಅಂಗಡಿ ಮೇಲಿನ ಡಾಕ್ಟರಮ್ಮನಿಂದ ಹಿಡಿದು ಎಲ್ಲ ಹೇಳಿದೆ. ಕೆಲವು ತಿಂಗಳು ಕಾಯಬೇಕು ಎಂದೆ. "ಅಂಗನ್ನಿ, ಜ್ವರಕ್ಕೆ ಕುಂತಿದ್ದೀರಿ" ಎಂದರು ಗೌಡರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆ ಹುಳ ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಮ್ಮನೆ ಬಿಡಬೇಕು. ಎದ್ದಾಗ ಮೊದಲಿಗಿಂತ ದೊಡ್ಡದಾಗಿರುತ್ತದೆ, ಮೊದಲಿಗಿಂತ ಹೆಚ್ಚು ಮೇಯುತ್ತದೆ. ಇದನ್ನೆಲ್ಲ ನಾನೇ ಊರೂರಿಗೆ ಹೋಗಿ ಪಾಠ ಹೇಳಿದವನು. ಗೌಡರ ಹೋಲಿಕೆ ಚೆನ್ನಾಗಿತ್ತು, ಒಂದು ಕೊರತೆ ಬಿಟ್ಟರೆ. ತಟ್ಟೆಯ ಹುಳಗಳು ಜ್ವರಕ್ಕೆ ಎಲ್ಲವೂ ಒಟ್ಟಿಗೆ ಕೂರುತ್ತವೆ. ನಾನು ಒಬ್ಬನೇ ಕೂತಿದ್ದೆ.

ಗೌಡರು ಬಿಡದೆ ಊರಿಗೆ ಎಳೆದುಕೊಂಡು ಹೋದರು. ಚಿಕ್ಕತಾಯಮ್ಮ ಕಾಫಿ ತರಲಿಲ್ಲ, ತಟ್ಟೆ ಇಟ್ಟು ಮುದ್ದೆಯನ್ನೇ ಬಡಿಸಿದರು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ. "ನುಂಗಕ್ಕೆ ಹಲ್ಯಾಕೆ ಸಾ? ಗಂಟ್ಲಿದ್ರೆ ಸಾಕು. ಒಸಿ ಸಾರು ಮುಂದಕ್ಕೆ ಬುಟ್ಕಳಿ, ಅದೇ ಓಯ್ತದೆ" ಎಂದರು. ಸೆಟ್ಟನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಹಾಕಿದೆ. ಕಣ್ಣು ಮುಚ್ಚಿ ನುಂಗಿದೆ. ಬಸ್ಸಾರಿನ ಖಾರ, ಬೆಳ್ಳುಳ್ಳಿಯ ವಾಸನೆ, ಬಿಸಿಬಿಸಿ ರಾಗಿ ಗಂಟಲಲ್ಲಿ ಇಳಿದು ಎದೆಯ ಹತ್ತಿರ ಒಂದು ಕ್ಷಣ ನಿಂತು ಹೋಯಿತು. ಹಲ್ಲಿದ್ದಾಗ ಒಲಿಯದ ವಿದ್ಯೆ ಹಲ್ಲು ಹೋದ ಮೇಲೆ ಬಂತು. ಆಮೇಲೆ ವಾರಕ್ಕೊಂದು ಸಲವಾದರೂ ಹೊಂಗನೂರಿನ ಬಸ್ಸು ಹತ್ತುತ್ತಿದ್ದೆ. ಹುಳ ನೋಡುವ ನೆಪ ಇದ್ದೇ ಇತ್ತು.

ಇಷ್ಟು ಮೇಯುವ ಈ ಹುಳ ಕೊನೆಗೆ ಗೂಡು ಒಡೆದು ಚಿಟ್ಟೆಯಾಗಿ ಬಂದಾಗ ಏನನ್ನೂ ತಿನ್ನುವುದಿಲ್ಲ, ನಿಮಗೆ ಗೊತ್ತೆ? ತಿನ್ನುವ ಬಾಯೇ ಅದಕ್ಕಿಲ್ಲ. ಜೋಡಿ ಹುಡುಕಿಕೊಳ್ಳುವುದಕ್ಕೆಂದೇ ಅದಕ್ಕೆ ನಾಲ್ಕು ದಿನದ ಆಯುಷ್ಯ. ನನ್ನದು ತಿರುಗುಮುರುಗು. ತಿನ್ನುವ ಕಾಲದಲ್ಲಿ ಸುಮ್ಮನೆ ತಿಂದೆ, ಬಾಯಿ ಹೋದ ಮೇಲೂ ಉಳಿದೆ, ಜೋಡಿಯ ಕಥೆ ನಿಮಗೆ ಆಗಲೇ ಹೇಳಿದ್ದೇನೆ.

ಕೊನೆಗೆ ಸ್ಕ್ರೂ ಕೂರಿಸುವ ದಿನ ಗೊತ್ತಾಯಿತು. ಡಾಕ್ಟರಮ್ಮ ಈ ಸಲ ಖಂಡಿತವಾಗಿ ಹೇಳಿದರು: "ನಿಮಗೆ ಬಿ.ಪಿ. ಬೇರೆ ಇದೆ. ಮನೆಯವರು ಒಬ್ಬರು ಬರಲೇಬೇಕು ಅಂಕಲ್. ಇಲ್ಲದಿದ್ದರೆ ನಾನು ಮಾಡಲ್ಲ."

ಮನೆಯವರು! ಎಲುಬು ಸಾಕಷ್ಟಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡಿದ್ದರು. ಇದನ್ನು ಮಾತ್ರ ಮೊದಲೇ ನೋಡಿರಲಿಲ್ಲ. ಗೌಡರನ್ನು ಕೇಳಬಹುದಾಗಿತ್ತಲ್ಲ ಎನ್ನುತ್ತೀರಿ. ಊಟಕ್ಕೆ ಯಾರು ಯಾರನ್ನು ಬೇಕಾದರೂ ಕರೆಯಬಹುದು. ಆಸ್ಪತ್ರೆಗೆ ಕರೆಯುವುದಕ್ಕೆ ಹಕ್ಕು ಬೇಕು. ಕೇಳಿ, ಅವರು ಒಂದು ಗಳಿಗೆ ಹಿಂದೆಮುಂದೆ ನೋಡಿದರೂ ಸಾಕು, ವಾರಕ್ಕೊಂದು ಸಲದ ಆ ಮುದ್ದೆಯೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂಬ ಭಯ ನನ್ನದು.

ಆದರೂ ಹಿಂದಿನ ಸಂಜೆ ಹೋದೆ. ಗೌಡರು ಹುಳುಮನೆಯಲ್ಲಿದ್ದರು. ತಟ್ಟೆಗಳ ಮುಂದೆ ನಿಂತು ಮಳೆ, ಸೊಪ್ಪು, ರಸ್ತೆ ಎಲ್ಲ ಮಾತಾಡಿದ ಮೇಲೆ, ಬಾಯಿಗೆ ಬಂದದ್ದನ್ನು ಕೇಳಿದೆ: "ನಾಳೆ ರಾಮನಗರದ ಮಾರ್ಕೆಟ್ಟಿಗೆ ಗೂಡು ತರ್ತೀರಾ?" ತಂದರೆ ಹಾಗೇ ಆಸ್ಪತ್ರೆಗೂ ಬರಬಹುದಲ್ಲ ಎಂದು ಮುಂದಿನ ಮಾತನ್ನು ಜೋಡಿಸಿಕೊಂಡಿದ್ದೆ. ಗೌಡರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಇಲ್ಲ ಸಾ. ಈಗ ನಾಕ್ನೇ ಜ್ವರಕ್ಕೆ ಕುಂತವೆ" ಎಂದರು. ನೋಡಿದರೆ ಹೌದು, ನನ್ನ ಮೂಗಿನ ಕೆಳಗೇ ಅಷ್ಟೂ ಹುಳ ತಲೆ ಎತ್ತಿಕೊಂಡು ಕೂತಿವೆ. ಅವು ಗೂಡು ಕಟ್ಟಿ ಮಾರ್ಕೆಟ್ಟು ಕಾಣಲು ಇನ್ನೂ ಎರಡು ವಾರ ಬೇಕು. "ಓ, ಹೌದಲ್ಲ" ಎಂದು ಹೇಳಿ ಬಸ್ಸು ಹತ್ತಿದೆ.

ಮರುದಿನ ಒಬ್ಬನೇ ಮಹಡಿ ಹತ್ತಿದೆ. ಹಳೇ ಉತ್ತರವನ್ನೇ ಕೊಟ್ಟೆ, "ಹೊರಗಿದ್ದಾರೆ." ಕುರ್ಚಿಯಲ್ಲಿ ಮಲಗಿಸಿ ಕೊರಳಿಗೆ ಬಟ್ಟೆ ಕಟ್ಟಿದರು. ಆದರೆ ಈ ಸಲ ನರ್ಸಮ್ಮ ಬಾಗಿಲಿಗೇ ಹೋಗಿ, "ಇವರ ಕಡೆಯವರು ಯಾರು?" ಎಂದು ಕೇಳಿದಳು. ಇನ್ನೊಂದು ಸಲ ಕೇಳಿದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಇದೇನೂ ಬೇಡ, ಬಟ್ಟಲಿನ ಹಲ್ಲೇ ಸಾಕು ಎಂದು ಕೊರಳಿನ ಬಟ್ಟೆ ಬಿಚ್ಚಿಕೊಂಡು ಏಳುತ್ತಿದ್ದೆ. ಆಗ ಮೆಟ್ಟಿಲಿನಿಂದ ಏದುಸಿರಿನ ದನಿ ಕೇಳಿಸಿತು:

"ನಾವ್ ಕಣವ್ವ, ನಾವೇ! ಅವ್ರ ಮನೆಯೋರು. ಬಸ್ಸು ತಡ ಆಗ್ಬುಡ್ತು."

ಚಿಕ್ಕತಾಯಮ್ಮನ ದನಿ. ಹಿಂದೆಯೇ ಲಿಂಗೇಗೌಡರ ಕೆಮ್ಮು. ನಾನು ಮತ್ತೆ ಮಲಗಿಕೊಂಡೆ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. "ಭಯ ಆಗ್ತಿದೆಯಾ ಅಂಕಲ್?" ಎಂದರು ಡಾಕ್ಟರಮ್ಮ. ಹೌದೆಂದು ತಲೆಯಾಡಿಸಿದೆ. ಬಾಯಿ ತೆರೆದುಕೊಂಡು ಮಲಗಿದವನು ಇನ್ನೇನು ವಿವರಿಸಬಲ್ಲ?

ಎಲ್ಲ ಮುಗಿದು ಬೆಂಚಿನ ಮೇಲೆ ಕೂತಾಗ ಗೌಡರು ಹೇಳಿದರು: "ಜ್ವರಕ್ಕೆ ಕುಂತಿರೋ ಹುಳ ಮುಂದಿಟ್ಕಂಡು ನಾಳೆ ಗೂಡು ತತ್ತೀರಾ ಅಂದ್ರಲ್ಲ, ರೇಷ್ಮೆ ಸಾಹೇಬ್ರು ಅಂಗ್ ಕೇಳ್ತಾರಾ? ಏನೋ ಆಗೈತೆ ಅನ್ಕಂಡೆ. ನಾಳೆ ರಾಮನಗರ ಅಂದ್ಮೇಲೆ ಹಲ್ಲಿಗೇ ಇರ್ಬೇಕು ಅಂದ್ಲು ಇವ್ಳು."

"ಹುಳುಕ್ಕೆ ಇವತ್ತು ಸೊಪ್ ಹಾಕಂಗಿಲ್ಲ. ಮನೇಲಿ ಕುಂತು ಏನ್ ಮಾಡದು ಅಂತ ಇಬ್ರೂ ಬಂದೋ" ಎಂದು ಚಿಕ್ಕತಾಯಮ್ಮ ಚೀಲದಿಂದ ತಣ್ಣನೆಯ ರಾಗಿ ಅಂಬಲಿಯ ಡಬ್ಬಿ ತೆಗೆದರು. ರೇಷ್ಮೆ ಸಾಕುವವರಿಗೆ ಬಿಡುವೆಂಬುದು ಇರುವುದೇ ಜ್ವರದ ದಿನ. ಆ ಬಿಡುವನ್ನು ಅವರು ನನಗೆ ತಂದಿದ್ದರು.

ಮತ್ತೆ ಕೆಲವು ತಿಂಗಳು ಕಾದೆವು. ಎಲುಬು ಸ್ಕ್ರೂವನ್ನು ಹಿಡಿದುಕೊಂಡಿದೆ ಎಂದರು ಡಾಕ್ಟರಮ್ಮ. ಹೊರಗಿನಿಂದ ಬಂದದ್ದನ್ನು ಎಲುಬು ತನ್ನದು ಅಂದುಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದಂತೆ. ಅದಕ್ಕೆ ಹಿಡಿದ ಹೊತ್ತಿಗಿಂತ ನನಗೆ ಹಿಡಿದದ್ದು ಬಹಳ ಜಾಸ್ತಿ.

ಹೊಸ ಹಲ್ಲು ಕೂತ ವಾರವೇ ಹೊಂಗನೂರಿಗೆ ಕರೆ ಬಂತು. ಅವರೆಕಾಯಿಯ ಕಾಲ; ಹಿತಕಿದ ಬೇಳೆ ಸಾರು, ಮುದ್ದೆ. ನಾನು ಕಲಿತ ವಿದ್ಯೆಯನ್ನು ಮರೆಯದೆ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಈ ಸೀಮೆಯವನೇ ಎನ್ನುವ ಹಾಗೆ ಸದ್ದಿಲ್ಲದೆ ನುಂಗಿದೆ. ತಲೆ ಎತ್ತಿದರೆ ಚಿಕ್ಕತಾಯಮ್ಮನ ಮುಖ ಸಪ್ಪಗಿತ್ತು. ಬಾಗಿಲಲ್ಲಿ ಅಕ್ಕಪಕ್ಕದವರೆಲ್ಲ ನಿಂತಿದ್ದರು.

"ಇದೇನ್ ಸಾ, ನುಂಗ್ಬುಟ್ರಿ? ಅಗೀತೀರಿ ಅಂತ ಎಲ್ರನ್ನೂ ಕರ್ದಿವ್ನಲ್ಲ!"

ಇನ್ನೊಂದು ತುತ್ತು ಮುರಿದೆ. ಅಗಿದೆ. ಇಪ್ಪತ್ತು ವರ್ಷದ ಹಿಂದೆ ಅಂಟಿಕೊಂಡ ಹಾಗೆಯೇ ಅದು ಮೇಲಕ್ಕೂ ಕೆಳಕ್ಕೂ ಅಂಟಿಕೊಂಡಿತು. ಅವರು ಅವತ್ತಿನ ಹಾಗೆಯೇ ಬಿದ್ದುಬಿದ್ದು ನಕ್ಕರು. ಈ ಸಲ ನಾನೂ ನಕ್ಕೆ, ಹಲ್ಲೆಲ್ಲ ರಾಗಿ ಮೆತ್ತಿಕೊಂಡು. ನುಂಗುವುದಾದರೆ ಮನೆಯಲ್ಲಿ ಒಬ್ಬನೇ ಕೂತು ನುಂಗಬಹುದು. ಅಗಿಯಬೇಕಾದರೆ ಮಾತ್ರ ಬೀದಿಗೆ ಕೂಗಿ ಜನ ಸೇರಿಸುವವರು ಒಬ್ಬರಾದರೂ ಇರಬೇಕು.