ಪುಟ್ಟಲಕ್ಷ್ಮಮ್ಮ ಕೇಳಿದ ಎರಡು ಗುಟುಕು ಸಾರು

ನಮ್ಮ ಮಲ್ಲಿಪಟ್ಟಣದಲ್ಲಿ ಪುಟ್ಟಲಕ್ಷ್ಮಮ್ಮನಷ್ಟು ರುಚಿಯಾಗಿ ಊಟದ ಮಾತಾಡುವವರು ಇನ್ನೊಬ್ಬರಿರಲಿಲ್ಲ. ನಾಟಿ ಕೋಳಿಯ ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆದು, ಒರಳಲ್ಲಿ ಖಾರ ರುಬ್ಬಿ ಎಂದು ಅವಳು ಶುರು ಮಾಡಿದರೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಿವಿ ಮಾತ್ರ ಬಿಟ್ಟುಕೊಂಡು ಕೂತಿರುತ್ತಿದ್ದೆ.

"ಥೂ, ಸಾಕು ಮಾಡೇ, ಹೊಟ್ಟೆ ತೊಳಸುತ್ತೆ."

"ಒಟ್ಟೆ ತೊಳಸ್ತಿಲ್ಲ ಕಣ್ ರೇವಕ್ಕ, ನಿನ್ ಬಾಯಲ್ಲಿ ನೀರ್ ಬತ್ತೈತೆ!" ಎಂದು ಅವಳು ನಗುತ್ತಿದ್ದಳು.

ನಾನು ರೇವಮ್ಮ. ಮೂವತ್ತು ವರ್ಷ ಅಂಗನವಾಡಿ ಮಕ್ಕಳಿಗೆ ಅಕ್ಷರ ಕಲಿಸಿದವಳು, ಈಗ ನಿವೃತ್ತೆ. ನನ್ನ ಯಜಮಾನರು ಪಂಚಾಕ್ಷರಯ್ಯನವರದು ದಿನಸಿ ಅಂಗಡಿ. ನಾವು ಲಿಂಗಾಯತರು, ಪುಟ್ಟಲಕ್ಷ್ಮಮ್ಮನವರು ಒಕ್ಕಲಿಗರು. ಎರಡು ಮನೆಗೂ ಸೇರಿ ಒಂದೇ ಗೋಡೆ. ಆದರೂ ಮೊದಮೊದಲು ನಾನು ಅವರ ಜಗಲಿಯ ತನಕ ಮಾತ್ರ ಹೋಗುತ್ತಿದ್ದೆ. ಮಡಕೆಯಲ್ಲಿ ಬಾಡು ಬೇಯುವ ಮನೆ, ಅಲ್ಲಿ ನೀರು ಕೂಡ ಕುಡಿಯಬಾರದು ಅಂತ ನಮ್ಮತ್ತೆ ತಾಕೀತು ಮಾಡಿದ್ದರು. ಅತ್ತೆ ಸತ್ತ ಮೇಲೂ ಅದನ್ನು ಪಾಲಿಸುವ ಬುದ್ಧಿವಂತಿಕೆ ನನ್ನದು.

ಇದೆಲ್ಲ ಬದಲಾಗಿದ್ದು ಅವಳ ಗಂಡ ಹೊನ್ನಯ್ಯನಿಂದ. ಹೊನ್ನಯ್ಯ ಆಲೂಗಡ್ಡೆ, ರಾಗಿ ಬೆಳೆಯುವ ಮನುಷ್ಯ. ಊರಲ್ಲಿ ಯಾರ ಮನೆಯ ಹರಕೆ ಇದ್ದರೂ ಮರಿ ಕುಯ್ಯಲು ಅವನನ್ನೇ ಕರೆಯುತ್ತಿದ್ದರು. ಒಂದೇ ಏಟಿಗೆ ಮುಗಿಸುತ್ತಾನೆ, ಪ್ರಾಣಿ ನರಳುವುದಿಲ್ಲ ಅಂತ ಹೆಸರಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ತನ್ನದೇ ಮನೆಯ ಹರಕೆಗೆ ತಾನೇ ಒಂದು ಟಗರು ಸಾಕಿದ. ಮಗ ಕಿರಣ್‌ಕುಮಾರನಿಗೆ ಜ್ವರ ಬಂದು ಉಳಿದಿದ್ದಕ್ಕೆ ಹೊತ್ತ ಹರಕೆ ಅದು. ಎರಡು ವರ್ಷ ಆ ಟಗರು ಹಗ್ಗವಿಲ್ಲದೆ ಅವನ ಹಿಂದೆಯೇ ಓಡಾಡಿಕೊಂಡಿತ್ತು.

ನಮ್ಮ ಕಡೆ ಕುಯ್ಯುವ ಮೊದಲು ಪ್ರಾಣಿಯ ಮೈಮೇಲೆ ತೀರ್ಥ ಹಾಕಿ ಕಾಯುತ್ತಾರೆ. ಅದು ಮೈ ಒದರಿದರೆ ಒಪ್ಪಿಗೆ ಕೊಟ್ಟ ಹಾಗೆ, ಒದರುವ ತನಕ ಕತ್ತಿ ಎತ್ತುವಂತಿಲ್ಲ. ಅವತ್ತು ಆ ಟಗರು ಒದರಲೇ ಇಲ್ಲ. ತೀರ್ಥ ಹಾಕಿದರೆ ಹೋಗಿ ಹೊನ್ನಯ್ಯನ ತೊಡೆಗೆ ಹಣೆ ಒತ್ತಿ ನಿಂತುಕೊಂಡಿತಂತೆ. ಹೊತ್ತಾಗುತ್ತೆ ಅಂತ ಯಾರೋ ಒಂದು ಬಿಂದಿಗೆ ತಣ್ಣೀರನ್ನು ಪೂರ್ತಿ ಸುರಿದರು. ಮೈ ಒದರಿತು. "ಕೊಡ್ತು, ಅಪ್ಪಣೆ ಕೊಡ್ತು!" ಎಂದು ಜನ ಕೂಗಿದರು. ಹೊನ್ನಯ್ಯ ಕುಯ್ದ. ಎಲ್ಲರಿಗೂ ಬಡಿಸಿದ. ತಾನು ಮುಟ್ಟಲಿಲ್ಲ, ಅಲ್ಲಿಂದಾಚೆಗೆ ಬಾಡನ್ನಾಗಲಿ ಕತ್ತಿಯನ್ನಾಗಲಿ ಯಾವತ್ತೂ ಮುಟ್ಟಲಿಲ್ಲ.

ನಾನೇ ಒಮ್ಮೆ ಕೇಳಿದೆ, "ಯಾಕೆ ಹೊನ್ನಣ್ಣ, ಅಪ್ಪಣೆ ಕೊಟ್ಟಿತ್ತಲ್ಲ?"

"ಅಪ್ಪಣೆ ಅಲ್ಲ ರೇವಮ್ಮೋರೇ, ಚಳಿ. ತಣ್ಣೀರ್ ಸುರುದ್ರೆ ನೀವೂ ಒದರ್ತೀರಿ, ನಾನೂ ಒದರ್ತೀನಿ."

ಆ ಮಾತು ಕೇಳಿ ನಾನು ಅವನನ್ನು ಎತ್ತಿ ಅಟ್ಟಕ್ಕೇರಿಸಿಬಿಟ್ಟೆ. ಸಂತೆಯಲ್ಲಿ, ಸಂಘದಲ್ಲಿ, ಎಲ್ಲ ಕಡೆ ಹೇಳಿಕೊಂಡು ಬಂದೆ. ಎಂಥ ಮನುಷ್ಯ, ನಮ್ಮವರಿಗಿಂತ ಮೇಲು ಅಂತ.

ಪುಟ್ಟಲಕ್ಷ್ಮಮ್ಮನಿಗೆ ನೀನೂ ಬಾಡು ಬಿಡು ಅಂತ ಅವನು ಒಂದು ದಿನವೂ ಹೇಳಲಿಲ್ಲ. "ನೀ ಮಾಡ್ಕೊಂಡು ತಿನ್ನು, ನಂಗೇನು" ಎಂದ. ಆದರೆ ಒಲೆ ಮೇಲೆ ಬಾಡು ಬೇಯುವಾಗ ಅವನು ಹೊರಗೆ ಹೋಗಿ ಹುಣಸೆಮರದ ಕೆಳಗೆ ಕೂತುಬಿಡುತ್ತಿದ್ದ. ಎರಡು ಸಲ ನೋಡಿದಳು, ಮೂರನೆಯ ಸಲ ಆ ಮಡಕೆಯನ್ನು ಅಟ್ಟಕ್ಕೆ ಹಾಕಿದಳು. ಆಮೇಲೆ ಅವಳಿಗೆ ಬಾಡು ಅಂದರೆ ತವರುಮನೆ ಹರದನಹಳ್ಳಿಗೆ ಹೋದಾಗ, ನೆಂಟರ ಮನೆಯ ಕಾರ್ಯಗಳಲ್ಲಿ. ವರ್ಷಕ್ಕೆ ಮೂರು ಸಲವೋ ನಾಲ್ಕು ಸಲವೋ.

ಅವರ ಅಡುಗೆಮನೆ ಹೀಗೆ ಸಸ್ಯಾಹಾರಿ ಆದ ಮೇಲೆ ನಾನು ಹೊಸಿಲು ದಾಟಿದೆ. ಅವಳ ಕೈಯ ಕಾಫಿ ಕುಡಿದೆ, ಹುರುಳಿಕಾಳು ಬಸ್ಸಾರು ಉಂಡೆ. ನಮ್ಮ ಗೆಳೆತನ ಬೆಳೆದದ್ದೇ ಆಗ. ಹರದನಹಳ್ಳಿಯಿಂದ ಬಂದ ದಿನ ಬಾಗಿಲಲ್ಲೇ ನಿಂತು, "ತಲೆಗೆ ನೀರಾಕ್ಕೊಂಡೇ ಬಂದಿವ್ನಿ ಕಣ್ ರೇವಕ್ಕ, ಒಳಕ್ ಬರ್ಲಾ?" ಅನ್ನುತ್ತಿದ್ದಳು. ನಾನೋ, ದೊಡ್ಡ ಮನಸ್ಸು ಮಾಡಿದವಳ ಹಾಗೆ "ಬಾ ಬಾ" ಅನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹಾಸನಕ್ಕೆ ಕರೆದುಕೊಂಡು ಹೋದರು. ಗರ್ಭಕೋಶದ ಕ್ಯಾನ್ಸರ್, ಮೈಯೆಲ್ಲ ಹರಡಿದೆ, ಮನೆಗೆ ಕರಕೊಂಡು ಹೋಗಿ, ಏನು ಕೇಳುತ್ತಾರೋ ಕೊಡಿ ಅಂದರು ಡಾಕ್ಟರು. ಹೊನ್ನಯ್ಯ ಹೊಲ ಬಿಟ್ಟು ಅವಳ ಮಂಚದ ಪಕ್ಕ ಕೂತ. ಬೆಳಗಾದರೆ ಒಂದೇ ಪ್ರಶ್ನೆ. "ಏನ್ ಬೇಕಮ್ಮಿ? ಏನಾರ ಕೇಳು." ಅವಳು "ಏನೂ ಬ್ಯಾಡ" ಅನ್ನುತ್ತಿದ್ದಳು.

ನನ್ನ ಹತ್ತಿರ ಮಾತ್ರ ಬಾಯಿ ಬಿಟ್ಟಳು. ಹೊನ್ನಯ್ಯ ಹಾಲು ಹಾಕಲು ಡೈರಿಗೆ ಹೋಗಿದ್ದ. ನನ್ನ ಕೈ ಹಿಡಿದುಕೊಂಡು, "ರೇವಕ್ಕ, ನಗಬ್ಯಾಡ. ನಾಟಿ ಕೋಳಿ ಸಾರು ಎರಡೇ ಎರಡ್ ಗುಟುಕು ಕುಡೀಬೇಕು ಅನ್ಸೈತೆ. ಬಾಯೆಲ್ಲ ಸಪ್ಪೆ" ಅಂದಳು.

"ಹೊನ್ನಣ್ಣನಿಗೆ ಹೇಳೇ, ಕೇಳ್ತಾನೇ ಇರ್ತಾರಲ್ಲ."

"ನನ್ ಬಾಯಿಂದ ಬರಾಕಿಲ್ಲ. ಅವ್ರ್ ಮೊಗ ಸಣ್ಣದಾಗೋದ ನೋಡಾಕಾಗಲ್ಲ. ನಿನ್ ಮಾತು ಅಂದ್ರೆ ಅವರ್ಗೆ ಬೆಲೆ. ನೀ ಯೋಳು. ಆಗಾಕಿಲ್ಲ ಅಂದ್ರೆ ಬ್ಯಾಡ."

"ಆಯ್ತು, ಹೇಳ್ತೀನಿ" ಅಂದೆ.

ಹೇಳಲಿಲ್ಲ. ಅವತ್ತು ಸಂಜೆ ಹೊನ್ನಯ್ಯ ಜಗಲಿಯಲ್ಲೇ ಕೂತಿದ್ದ, ನಾನು ಅವನ ಎದುರಿಗೇ ಹಾದು ಹೋದೆ. ಇಪ್ಪತ್ತೆರಡು ವರ್ಷ ಉಳಿಸಿಕೊಂಡು ಬಂದದ್ದನ್ನು ನನ್ನ ಬಾಯಿಂದ ಕೆಡಿಸುವುದೇ ಅನ್ನಿಸಿತು. ಅದು ನಾನು ನನಗೇ ಹೇಳಿಕೊಂಡ ಸಬೂಬು. ನಿಜ ಹೇಳುತ್ತೇನೆ, ಆ ಮನೆಯಲ್ಲಿ ಮತ್ತೆ ಕೋಳಿ ಬೇಯುವುದು ನನಗೆ ಬೇಡವಾಗಿತ್ತು. ನಾನು ಕಾಫಿ ಕುಡಿಯುವ ಮನೆ ಅದು. ಮಾರನೆಯ ದಿನ ಅವರೆಕಾಳು ಬೇಯಿಸಿ, ಕೋಳಿ ಸಾರಿಗೆ ಹಾಕುವ ಮಸಾಲೆಯನ್ನೇ ಹಾಕಿ ತಿಳಿಸಾರು ಮಾಡಿಕೊಂಡು ಹೋದೆ. ಅದೇ ರುಚಿ ಬರುತ್ತದೆ ಅಂದುಕೊಂಡಿದ್ದೆ, ನನ್ನ ತಲೆ! ಎರಡು ಚಮಚ ಕುಡಿದಳು. "ಚೆನ್ನಾಗೈತೆ" ಅಂದಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದಳು.

"ಯೋಳ್ದಾ?"

"ಹೇಳಿದೆ ಕಣೇ" ಅಂದೆ. ಬಾಯಿಗೆ ಅದು ಎಲ್ಲಿಂದ ಬಂತೋ ಗೊತ್ತಿಲ್ಲ. "ಅವರಿಗೆ ಮನಸ್ಸಿಲ್ಲ. ಸುಮ್ಮನಾಗಿಬಿಟ್ಟರು."

ಅವಳು ನನ್ನ ಮುಖವನ್ನೇ ನೋಡಿದಳು. "ಓಗ್ಲಿ ಬುಡು. ಇನ್ನೊಂದ್ಸಲ ಕೇಳ್ಬ್ಯಾಡ, ನೊಂದ್ಕತಾರೆ" ಎಂದು ಗೋಡೆಯ ಕಡೆ ಮಗ್ಗುಲಾದಳು. ಐದನೆಯ ದಿನ ಹೋದಳು. ಆ ಐದು ದಿನದಲ್ಲಿ ಒಂದು ದಿನವಾದರೂ ನಾನು ನಿಜ ಹೇಳಬಹುದಿತ್ತು.

ತಿಥಿಗೆ ಬಾಡೂಟ ಮಾಡಿಸುವುದು ಅವರ ಪದ್ಧತಿ. ಹೊನ್ನಯ್ಯ ಸಿಹಿಯೂಟ ಸಾಕು ಅಂದ, ಅವಳೂ ಮನೆಯಲ್ಲಿ ಬಿಟ್ಟಿದ್ದಳಲ್ಲ ಅಂತ. ನಾನು ಪಕ್ಕದಲ್ಲೇ ಇದ್ದೆ. ಹೂಂ ಅಂದೆ.

ಪಕ್ಷ ಬಂತು. ಸತ್ತ ಹಿರಿಯರಿಗೆ ಅವರವರ ಇಷ್ಟದ್ದನ್ನು ಮಾಡಿ ಎಡೆ ಇಡುವ ದಿನಗಳು. ಎಡೆಯ ಹಿಂದಿನ ದಿನ ಬೆಳಿಗ್ಗೆ ಹೊನ್ನಯ್ಯ ನಮ್ಮ ಬಾಗಿಲಿಗೆ ಬಂದ. ಟವಲನ್ನು ಕೈಯಲ್ಲಿ ಹಿಂಡುತ್ತಾ ನಿಂತ.

"ರೇವಮ್ಮೋರೇ, ಎಡೆಗೆ ಏನ್ ಮಾಡ್ಸದು ತಿಳೀತಿಲ್ಲ. ನಂಗೆ ಏನೂ ಬ್ಯಾಡ ಬ್ಯಾಡ ಅಂತಲೇ ಓಗ್ಬುಟ್ಳು. ನಿಮ್ತಾವ ಏನಾರ ಆಸೆ ಯೋಳಿದ್ಳಾ?"

ಸತ್ತವಳ ಎಡೆಯ ವಿಷಯದಲ್ಲಿ ಮತ್ತೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ನಾಟಿ ಕೋಳಿ ಸಾರು ಬೇಕು ಅಂದಿದ್ದಳು" ಅಂದೆ. ಅಷ್ಟೇ ಅಂದೆ. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು, "ಆಗ್ಲಿ" ಎಂದು ಹೊರಟುಹೋದ.

ಕಿರಣ್‌ಕುಮಾರ್ ಮಾರನೆಯ ದಿನ ಬೆಳಿಗ್ಗೆ ಹೆಂಡತಿ ಯಮುನಾಳ ಜೊತೆ ಅರಕಲಗೂಡಿನಿಂದ ಬಂದ. ಅಲ್ಲಿ ಪೈಪಿನ ಅಂಗಡಿ ಇಟ್ಟಿದ್ದಾನೆ. "ಅಂಗಡೀಲಿ ಕುಯ್ಸಿ ತತ್ತೀನಿ ಕಣಪ್ಪ, ನೀನ್ಯಾಕೆ" ಎಂದು ಅವನು ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. "ಅಂಗಡೀದ್ ಬ್ಯಾಡ. ನಾನೇ ಮಾಡ್ತೀನಿ" ಎಂದ ಹೊನ್ನಯ್ಯ. ಹಿತ್ತಿಲಲ್ಲಿ ಕೋಳಿ ಕೂಗಿತು, ನಿಂತಿತು. ನಾನು ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಯಮುನಾ ಬಂದು ಕರೆದಳು. ಹೋಗದೆ ಇರಲು ಧೈರ್ಯ ಬರಲಿಲ್ಲ. ನಡುಮನೆಯಲ್ಲಿ ಪುಟ್ಟಲಕ್ಷ್ಮಮ್ಮನ ಫೋಟೋ, ಹೊಸ ಸೀರೆ, ಬಾಳೆಎಲೆ, ಎಲೆ ಮೇಲೆ ಮುದ್ದೆ, ಬಟ್ಟಲಲ್ಲಿ ಸಾರು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಹತ್ತು ನಿಮಿಷ ಹಾಗೆ ಕಾಯುವುದು ಪದ್ಧತಿ. ಹೊನ್ನಯ್ಯ ಜಗಲಿಯಲ್ಲಿ ನನ್ನ ಪಕ್ಕವೇ ಕೂತ. ಉಗುರಿನ ಸಂದಿಯಲ್ಲಿ ಅರಿಸಿನ ಉಳಿದಿತ್ತು.

"ಇಪ್ಪತ್ತೆರಡ್ ವರ್ಸದ ಮ್ಯಾಲೆ ಕತ್ತಿ ಇಡ್ದೆ ರೇವಮ್ಮೋರೇ" ಎಂದ. "ಅವ್ಳಿಗೆ ಅಂತ ಮಾಡ್ದೆ. ಬದುಕಿದ್ದಾಗ ಕೇಳಿದ್ರೂ ನಾನೇ ಕುಯ್ದು ಮಾಡ್ಕೊಡ್ತಿದ್ದೆ. ಓಗೋ ಜೀವಕ್ಕಿಂತ ನನ್ ಪಥ್ಯ ದೊಡ್ಡದಾ? ನನ್ನ ಕೇಳ್ಲೇ ಇಲ್ವಲ್ಲ ಮುಂಡೇದು. ಕಡೇ ಐದ್ ದಿನ ನನ್ ಮೊಗ ಕೂಡ ಸರ್ಯಾಗಿ ನೋಡ್ಲಿಲ್ಲ, ಗೋಡೆ ಕಡೀಕೇ ತಿರುಗ್ಕೊಂಡಿದ್ಳು. ನಾನೇನ್ ತಪ್ ಮಾಡಿದ್ನೋ."

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯಳೇ ಅಲ್ಲ.

"ಕೇಳಿದ್ದಳು ಹೊನ್ನಣ್ಣ" ಅಂದೆ. "ನಿಮಗೆ ಹೇಳು ಅಂತ ನನ್ನ ಹತ್ತಿರ ಹೇಳಿ ಕಳಿಸಿದ್ದಳು. ನಾನು ಹೇಳಲಿಲ್ಲ. ಹೇಳಿದೆ, ಅವರು ಒಪ್ಪಲಿಲ್ಲ ಅಂತ ಅವಳಿಗೆ ಸುಳ್ಳು ಹೇಳಿಬಿಟ್ಟೆ."

ಅವನು ನನ್ನ ಕಡೆ ತಿರುಗಿದ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಅಂತ ಕಾದೆ. ಅಷ್ಟರಲ್ಲಿ ಕಿರಣ್‌ಕುಮಾರ್ ಬಾಗಿಲು ತಟ್ಟಿ ತೆಗೆದ. ಹೊನ್ನಯ್ಯ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಫೋಟೋದ ಎದುರು ಕುಸಿದು ಕೂತ.

"ಅಮ್ಮೀ, ನಂಗ್ಯಾರೂ ಯೋಳ್ಲಿಲ್ಲ ಕಣಮ್ಮಿ" ಎಂದ. "ನಾ ಆಗಲ್ಲ ಅಂದಿರ್ಲಿಲ್ಲ. ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮಿ."

ಸಣ್ಣ ಮಗುವಿನ ಹಾಗೆ ಅತ್ತ. ಆಮೇಲೆ ಎಡೆಯ ಎಲೆಯನ್ನು ಹತ್ತಿರ ಎಳೆದುಕೊಂಡು, ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿದ. "ಮಾವ, ನಿಮಗೆ ಬೇರೆ ಮಾಡಿದೀನಿ" ಎಂದು ಯಮುನಾ ಗಾಬರಿಯಾದಳು. ಅವನು ತಲೆ ಅಲ್ಲಾಡಿಸಿ ನುಂಗಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ತುತ್ತು ನುಂಗಿದ. ನಾನು ಹೊಸಿಲಿನ ಆಚೆ ನಿಂತಿದ್ದೆ. ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ.