ತವರಿಗೆ ಹೋದ ಹಾಯಿದೋಣಿ

ಕೊಪ್ಪಳದ ಪಕ್ಕದ ನಮ್ಮ ಭಾಗ್ಯನಗರದ ಮನೆಯಲ್ಲಿ ಹೊರಗಿನಿಂದ ಬಂದವರಿಗೆ ಮೊದಲು ಸಿಗುವುದು ಚಹಾ ಅಲ್ಲ, ಕಾಲು ತೊಳೆಯಲು ಒಂದು ಚರಿಗೆ ನೀರು. ಅಂಚು ನೆಗ್ಗಿದ ಆ ಹಿತ್ತಾಳೆ ಚರಿಗೆಯನ್ನು ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದಿದ್ದಳು. ಆ ತವರೂರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಯಿತು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಕರೆಯಲು ಬಂದು ಓಣಿಯ ಹೆಣ್ಣುಮಕ್ಕಳೆಲ್ಲ ಬಸ್ಸು ಹತ್ತುವಾಗ ಅವ್ವ ಕಟ್ಟೆಯ ಮೇಲೆ ಕುಳಿತು, "ನಾ ಹೋದ್ರ ಅಲ್ಲಿ ಕಾಲಿಗೆ ನೀರು ಕೊಡೋರು ಯಾರದಾರ?" ಎನ್ನುತ್ತಿದ್ದಳು.

ನನ್ನ ಹುಚ್ಚು ಬೇರೆಯದು. ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಮೂಲೆಗೆ ಬಿದ್ದಿದ್ದ ಹಳೆಯ ಸಾಗುವಾನಿ ಹಾಯಿದೋಣಿಯೊಂದರ ಮೇಲೆ ಮನಸ್ಸಾಗಿ, ನಿವೃತ್ತನಾದ ಮೇಲೆ ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದೆ. ಕೊಳೆತ ಹಲಗೆ ಕಿತ್ತು, ಹೊಸದು ಕೂಡಿಸಿ, ಉಜ್ಜಿ, ಎಣ್ಣೆ ಕುಡಿಸಿ ಅಂಗಳದಲ್ಲೇ ಬೇಸಿಗೆ ಕಳೆದೆ. ಸಮುದ್ರವಿಲ್ಲದ ಊರಿನಲ್ಲಿ ದೋಣಿ ಸಾಕುವವನನ್ನು ಓಣಿ ಸುಮ್ಮನೆ ಬಿಟ್ಟೀತೆ? "ನೀರಿನ ಟ್ಯಾಂಕರ್ ಬಂದಾಗ ಹೇಳಿ ಕಳಸ್ತೀನ್ರಿ, ದೋಣಿ ಇಳಿಸಾಕ ಬರ್ರಿ" ಎಂದು ಪಕ್ಕದ ಮನೆಯ ಹುಸೇನಸಾಬರು ಕಾಡುತ್ತಿದ್ದರು. ನಾನು ನಗುತ್ತಿದ್ದೆ. ಈ ಪಂಚಮಿಗೆ ತವರಿಗೆ ಕರೆದೊಯ್ಯುತ್ತೇನೆಂದು ಅವ್ವನಿಗೆ ಮಾತು ಕೊಟ್ಟಾಗಿತ್ತು.

ಶ್ರಾವಣಕ್ಕೆ ಮುಂಚೆ ಹಿನ್ನೀರಿಗೆ ಇಳಿಸಿದರೆ, ದೋಣಿ ಸಂದುಸಂದಿನಲ್ಲೂ ಸೋರತೊಡಗಿತು ನೋಡಿ. ಕುಡಿಯುವ ನೀರಿಗೆಂದು ಒಯ್ದಿದ್ದ ಅವ್ವನ ಚರಿಗೆಯಿಂದಲೇ ಮೊಗೆದು ಮೊಗೆದು ಹೊರಗೆ ಚೆಲ್ಲಿ, ತೊಯ್ದು ತೊಪ್ಪೆಯಾಗಿ, ಜೋಲುಮೋರೆ ಹೊತ್ತು ಮನೆಗೆ ಬಂದೆ.

"ಬಿಸಲಿಗೆ ಬಂಡಿ ಗಾಲಿ ಸಡ್ಲಾದ್ರ ಏನ್ ಮಾಡ್ತಿದ್ದ ನಿಮ್ಮಪ್ಪ?" ಎಂದು ಕೇಳಿದಳು ಅವ್ವ.

ಅಪ್ಪ ಗಾಲಿಯನ್ನು ಹಳ್ಳದಲ್ಲಿ ಮುಳುಗಿಸಿಡುತ್ತಿದ್ದ. ಕಟ್ಟಿಗೆ ನೀರು ಕುಡಿದು ಉಬ್ಬಿ ತಾನಾಗಿ ಬಿಗಿಯಾಗುತ್ತಿತ್ತು. ಕಡಲಿನ ದೋಣಿಯನ್ನು ಕೊಪ್ಪಳದ ಬಿಸಿಲಿನಲ್ಲಿ ಹಪ್ಪಳದಂತೆ ಒಣಗಿಸಿದ ಜಾಣ ನಾನು! ಜೋಪಾನ ಮಾಡಿದ್ದನ್ನು ದಡದ ಬಳಿ ಕಲ್ಲು ಹೇರಿ ಕೈಯಾರೆ ಮುಳುಗಿಸಿದೆ. ಮುಳುಗಿದ್ದೆಲ್ಲ ಹಾಳಾಗುವುದಿಲ್ಲವೆಂದು ನಂಬುವುದು ಸುಲಭವಲ್ಲ, ಗೆಳೆಯರೇ. ಆದರೆ ಕೆಲವು ದಿನ ಬಿಟ್ಟು ಮೇಲೆತ್ತಿದಾಗ ಸಂದುಗಳೆಲ್ಲ ಕೂಡಿದ್ದವು.

ಪಂಚಮಿಯ ದಿನ ಗಾಳಿ ತುಂಬಿದ ಹಾಯಿ ನಮ್ಮನ್ನು ನಡುನೀರಿಗೆ ಒಯ್ದಿತು. ಅವ್ವ ದೂರದ ಗುಡ್ಡದ ಗುರುತು ಹಿಡಿದು, "ಇಲ್ಲೇ ಇರಬೇಕು ನೋಡಪಾ" ಎಂದಳು. ಹಾಯಿ ಇಳಿಸಿದೆ. ನೀರಲ್ಲದೆ ಏನೂ ಕಾಣಲಿಲ್ಲ. ಅವಳು ಬಾಗಿ ನೋಡುತ್ತಲೇ ಇದ್ದಳು. ತವರಿಗೆ ಬಂದ ಮಗಳನ್ನು ಮಾತನಾಡಿಸುವವರು ಯಾರೂ ಇರಲಿಲ್ಲ. ದೋಣಿಯ ತಳದಲ್ಲಿದ್ದ ಚರಿಗೆಯನ್ನು ಆ ನೀರಿನಲ್ಲೇ ತುಂಬಿ ಅವಳ ಮುಂದೆ ಹಿಡಿದು, "ಬಾ ಯವ್ವಾ, ಕಾಲ ತೊಳಕೋ" ಎಂದೆ.

ಅವ್ವ ಪಾದದ ಮೇಲೆ ನೀರು ಸುರಿದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿ, "ಎಲ್ಲಾರೂ ಅರಾಮ ಅದಾರೇನಪಾ?" ಎಂದು ಕೇಳಿದಳು.

"ಅದಾರ ಯವ್ವಾ" ಎಂದೆ.